ತುಳಸಿಕಟ್ಟೆಯಿಂದ ಏಳು ಅಡಿ ದಕ್ಷಿಣಕ್ಕೆ

ನಮ್ಮ ಅಂಗಳದ ಕಾಂಕ್ರೀಟಿನ ಅಡಿಯಲ್ಲಿ ನೀರಿನ ಪೈಪು ಎಲ್ಲಿ ಹಾದುಹೋಗಿದೆ ಎಂಬುದು ನನಗೆ ಇಂಚಿನ ಲೆಕ್ಕದಲ್ಲಿ ಗೊತ್ತಿತ್ತು. ಶಿರ್ತಾಡಿಯ ನಮ್ಮ ನೆರೆಕರೆಯಲ್ಲಿ ಹಾಗೆ ಹೇಳಬಲ್ಲ ಮನುಷ್ಯ ನಾನೊಬ್ಬನೇ. ಉಳಿದವರ ಪೈಪುಗಳೆಲ್ಲ ಅವರವರ ನೆನಪಿನಲ್ಲಿವೆ. ನೆನಪು ಹೋದ ದಿನ ಪೈಪೂ ಹೋಯಿತು. ನನ್ನ ಪೈಪು ದಾಖಲೆಯಲ್ಲಿದೆ!

ದಾಖಲೆ ಎಂದರೆ ಹಾಲಿನ ಚೀಟಿಯ ಹಿಂಬದಿಯಲ್ಲಿ ಗೀಚಿಟ್ಟದ್ದಲ್ಲ. ಶಾಸನಗಳ ಸಂಶೋಧನೆಯಲ್ಲಿ ಆಯುಷ್ಯ ಕಳೆದು ನಿವೃತ್ತನಾದವನು ನಾನು. ಒಂದು ತೇದಿಯನ್ನು ಮೂರು ಕಡೆ ತಾಳೆ ನೋಡದೆ ಬರೆದವನಲ್ಲ. ಮನೆಯ ವ್ಯವಹಾರಕ್ಕೂ ವಿಷಯವಾರು ನಾಲ್ಕು ಪುಸ್ತಕಗಳನ್ನು ಇಟ್ಟಿದ್ದೇನೆ: ಜಲ, ವಿದ್ಯುತ್, ಕಟ್ಟಡ ಮತ್ತು ಧಾರ್ಮಿಕ. ಒಂದರ ವಿಷಯ ಇನ್ನೊಂದಕ್ಕೆ ನುಸುಳಬಾರದು ಎಂಬುದು ಕಟ್ಟುನಿಟ್ಟಿನ ನಿಯಮ. ಈ ನಿಯಮವನ್ನು ಓದುಗರು ದಯವಿಟ್ಟು ಲಕ್ಷ್ಯದಲ್ಲಿಡಬೇಕು. ನಾನು ಇಡಲಿಲ್ಲ.

ಕಳೆದ ತಿಂಗಳ ಒಂದು ಗುರುವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ಬಾವಿಯ ಪಂಪು ಚಾಲೂ ಮಾಡಿದೆ. ಏಳು ಗಂಟೆ ಎಂದು ನನ್ನ ಹೆಂಡತಿ ಗಿರಿಜೆಯ ವಾದ. ಆದರೆ ಅಡುಗೆಮನೆಯ ಗಡಿಯಾರ ಹದಿನೈದು ನಿಮಿಷ ಮುಂದೆ ಓಡುತ್ತದೆ ಎಂಬುದನ್ನು ರೇಡಿಯೊ ವಾರ್ತೆಯೊಂದಿಗೆ ಹೋಲಿಸಿ ಖಚಿತಪಡಿಸಿಕೊಂಡಿದ್ದೇನೆ. ಒಂಬತ್ತಾದರೂ ತಾರಸಿಯ ಟ್ಯಾಂಕಿಗೆ ಒಂದು ಹನಿ ನೀರು ಬೀಳಲಿಲ್ಲ. ಪಂಪು ಓಡುತ್ತಿದೆ, ಬಾವಿಯ ನೀರು ಇಳಿಯುತ್ತಿದೆ, ಟ್ಯಾಂಕಿ ಒಣಗಿದೆ. ಮೂಡುಬಿದಿರೆಯಿಂದ ಬಂದ ಪ್ಲಂಬರು ಕಾಂಕ್ರೀಟಿಗೆ ಕಿವಿಯಿಟ್ಟು, "ಅಡಿಯಲ್ಲಿ ಪೈಪು ಒಡೆದಿದೆ ಸಾರ್" ಎಂದ.

ಭಾನುವಾರ ನಮ್ಮ ಒಬ್ಬಳೇ ಮಗಳು ಅನುಪಮಾಳ ನಿಶ್ಚಿತಾರ್ಥ. ಮೆಲ್ಕಾರಿನ ಗಂಡಿನ ಕಡೆಯವರು ನೂರು ಜನ ಬರುವವರು. ಅದೇ ಅಂಗಳದಲ್ಲಿ ಚಪ್ಪರ, ಅದೇ ಟ್ಯಾಂಕಿಯ ನೀರಿನಲ್ಲಿ ಅಡುಗೆ, ಅದೇ ನೀರಿನಲ್ಲಿ ನೂರು ಜನರ ಕೈತೊಳೆತ. "ನಲ್ಲಿಯಲ್ಲಿ ನೀರಿಲ್ಲದಿದ್ದರೆ ಒಲೆ ಹೊತ್ತಿಸುವುದಿಲ್ಲ" ಎಂದು ಅಡುಗೆಯವರು ಫೋನಿನಲ್ಲೇ ಘೋಷಿಸಿದರು.

"ಮೇಲಿಂದಲೇ ಒಂದು ಪೈಪು ಎಳೆದುಬಿಡುವ, ಅರ್ಧ ಗಂಟೆಯ ಕೆಲಸ" ಎಂದು ಪ್ಲಂಬರು ಸೂಚಿಸಿದ. ನಾನು ಅವನನ್ನು ಕನಿಕರದಿಂದ ನೋಡಿದೆ. ಅಂಗಳದ ಮೇಲೆ ಹಾವಿನ ಹಾಗೆ ಪೈಪು ಮಲಗಿಸಿ, ಬೀಗರು ಬರುವಾಗಲೇ ಎಡವಿ ಬಿದ್ದರೆ? ರೋಗವನ್ನು ಬಿಟ್ಟು ಚರ್ಮಕ್ಕೆ ಎಣ್ಣೆ ಹಚ್ಚುವ ಇಂಥ ತಾತ್ಕಾಲಿಕ ಬುದ್ಧಿಯಿಂದಲೇ ಈ ದೇಶದ ಕಾಮಗಾರಿಗಳು ಹಾಳಾಗಿರುವುದು! ಪ್ಲಂಬರು ತಲೆ ತುರಿಸಿ, ಜಾಗ ಅಗೆದ ಮೇಲೆ ಕರೆಯಿರಿ ಎಂದು ಹೊರಟುಹೋದ.

ಜಲ ಪುಸ್ತಕವನ್ನು ತೆರೆದೆ. ನನ್ನದೇ ಅಕ್ಷರ, ನನ್ನದೇ ನಕ್ಷೆ: "ತುಳಸಿಕಟ್ಟೆಯ ಮಧ್ಯದಿಂದ ನೇರ ದಕ್ಷಿಣಕ್ಕೆ ಏಳು ಅಡಿಯಲ್ಲಿ, ಬಾವಿಯಿಂದ ಮನೆಗೆ, ಪೂರ್ವಪಶ್ಚಿಮವಾಗಿ." ಕೆಳಗೆ ತೇದಿ, ವಾರ, ತಿಥಿ. ಇಂಥ ಸ್ಪಷ್ಟತೆ ಎಷ್ಟೋ ರಾಜರ ದಾನಶಾಸನಗಳಲ್ಲೂ ಇಲ್ಲ.

"ಪೈಪು ಅಲ್ಲಿ ಇಲ್ಲ" ಎಂದಳು ಗಿರಿಜೆ. "ಅಬ್ಬಲಿಗೆ ಹೂವಿನ ಕುಂಡ ಉಂಟಲ್ಲ, ಅದರ ಅಡಿಯಲ್ಲಿ ಇರುವುದು. ನನಗೆ ಸರೀ ನೆನಪುಂಟು."

"ನೆನಪು ಪ್ರಮಾಣ ಅಲ್ಲ, ಗಿರಿಜೆ."

"ಕುಂಡದ ಬುಡ ಒದ್ದೆ ಉಂಟು, ಅದು ಪ್ರಮಾಣ ಅಲ್ವಾ?"

"ನೀನು ದಿನಾ ಅದಕ್ಕೆ ಎರಡು ಚೆಂಬು ನೀರು ಹೊಯ್ತೀ. ಒದ್ದೆ ಇರದೆ ಮತ್ತೆಂಥ ಇರ್ತದೆ? ಅದು ಕಲುಷಿತ ಸಾಕ್ಷ್ಯ."

"ಆಯ್ತು. ಭಾನುವಾರ ಅವರು ಊಟ ಮಾಡಿ ಎದ್ದಾಗ ಕೈ ತೊಳೀಲಿಕ್ಕೆ ನಿಮ್ಮ ಜಲ ಪುಸ್ತಕವನ್ನೇ ಕೊಡುವ."

ಮೌಖಿಕ ಸಾಕ್ಷ್ಯದ ಬಗ್ಗೆ ವಿದ್ವಾಂಸರಿಗಿರುವ ತಿರಸ್ಕಾರ ಅಕಾರಣವಾದುದಲ್ಲ. ಅಳತೆ ಟೇಪು ಹಿಡಿದು, ತುಳಸಿಕಟ್ಟೆಯಿಂದ ಏಳು ಅಡಿ ಅಳೆದು, ಸುಣ್ಣದಿಂದ ಹತ್ತು ಅಡಿಯ ಒಂದು ಗೆರೆ ಎಳೆದೆ. ಎರಡು ಸಲ ತಾಳೆ ನೋಡಿದೆ. ಸರಿಯಾಗಿತ್ತು.

ಮೊದಲ ದಿನ ಸುತ್ತಿಗೆ, ಚಾಣ. ಒಂದು ಸಣ್ಣ ಅಂಗಳಕ್ಕೆ ಯಂತ್ರವೇಕೆ? ಶಿಲ್ಪಿಗಳು ಕರಿಗಲ್ಲನ್ನೇ ಈ ಎರಡು ಉಪಕರಣಗಳಿಂದ ಬೆಣ್ಣೆಯಂತೆ ಕೊರೆದಿದ್ದಾರೆ. ಒಂದು ಗಂಟೆ ಹೊಡೆದ ಬಳಿಕ ಕಾಂಕ್ರೀಟಿನ ಮೇಲೆ ಕಾಗೆ ಕುಕ್ಕಿದಷ್ಟು ಗಾಯವಾಗಿತ್ತು. ನನ್ನ ಹೆಬ್ಬೆರಳಿನ ಗಾಯ ಅದಕ್ಕಿಂತ ದೊಡ್ಡದು.

ಇಲ್ಲೊಂದು ವಿಷಯವನ್ನು ಪ್ರಾಮಾಣಿಕವಾಗಿ ಹೇಳಬೇಕು. ಅಂಗಳಕ್ಕೆ ಕಾಂಕ್ರೀಟು ಹಾಕಿಸುವಾಗ ಮೇಸ್ತ್ರಿ ನಾಲ್ಕು ಇಂಚು ಸಾಕು ಎಂದಿದ್ದ. ನಾನು ಬಿಡಲಿಲ್ಲ. ಪಂಚಾಯತು ರಸ್ತೆಗಳು ಮೊದಲ ಮಳೆಗೇ ಹಪ್ಪಳವಾಗುವುದನ್ನು ಕಂಡವನು. ಈ ಜನರನ್ನು ನಂಬುವುದುಂಟೇ! ಆರು ಇಂಚು, ನಡುವೆ ಕಬ್ಬಿಣದ ಜಾಲರಿ. ಒಂದು ಕೂದಲೆಳೆ ಕಡಿಮೆಯಾಗದಂತೆ ಸ್ಕೇಲು ಹಿಡಿದು ಮೂರು ದಿನ ಬಿಸಿಲಿನಲ್ಲಿ ನಿಂತಿದ್ದೆ. ಆ ಮೇಸ್ತ್ರಿ ಮೋಸ ಮಾಡಲಿಲ್ಲ. ಮಾಡಿದ್ದರೆ ಎಷ್ಟು ಚೆನ್ನಾಗಿತ್ತು!

ಶುಕ್ರವಾರ ಮೂಡುಬಿದಿರೆಯ ಬಾಡಿಗೆ ಅಂಗಡಿಯಿಂದ ಕರೆಂಟಿನ ಬ್ರೇಕರ್ ಯಂತ್ರವನ್ನು ಆಟೊದಲ್ಲಿ ತಂದೆ. ಯಂತ್ರವೆಂದರೆ ಎರಡು ಕಿವಿಗಳಿರುವ ಒಂದು ಕಬ್ಬಿಣದ ಹಂದಿ. ಮೂತಿಯ ಜಾಗದಲ್ಲಿ ಉಳಿ. ಕಿವಿ ಹಿಡಿದು ಗುಂಡಿ ಒತ್ತಿದರೆ ಉಳಿ ತಾನಾಗಿ ಕುಟ್ಟುತ್ತದೆ. ಇದರಲ್ಲಿ ಕೌಶಲದ ಅಂಶವೇನೂ ಇಲ್ಲವೆಂದು ನನಗೆ ತೋರಿತು. ಅಂಗಡಿಯವನು ಆಳು ಬೇಕೇ ಎಂದು ಕೇಳಿದಾಗ ನಕ್ಕುಬಿಟ್ಟೆ.

ನಾನು ಯಂತ್ರವನ್ನು ಹಿಡಿದೆ ಎಂದು ಬರೆದರೆ ಅದು ಚರಿತ್ರೆಗೆ ಬಗೆದ ಅಪಚಾರ. ಯಂತ್ರವೇ ನನ್ನನ್ನು ಹಿಡಿಯಿತು. ಗುಂಡಿ ಒತ್ತಿದ್ದಷ್ಟೇ ನೆನಪು. ಸುಣ್ಣದ ಗೆರೆಯ ಮೇಲೆ ನಿಂತಿದ್ದವನು ಮರುಕ್ಷಣ ತುಳಸಿಕಟ್ಟೆಗೆ ಅರ್ಧ ಪ್ರದಕ್ಷಿಣೆ ಹಾಕಿ, ಬಟ್ಟೆ ಒಣಗಿಸುವ ಹಗ್ಗದ ಅಡಿಯಿಂದ ನುಗ್ಗಿ, ಗಿರಿಜೆಯ ಸೀರೆಯೊಂದನ್ನು ಹೆಗಲಿಗೆ ಹಾಕಿಕೊಂಡು ಗೇಟಿನ ಬಳಿ ಇದ್ದೆ. ಬಾಯಲ್ಲಿದ್ದ ಹಲ್ಲಿನ ಸೆಟ್ಟು ಬಾಯಲ್ಲಿರಲಿಲ್ಲ. ಅಷ್ಟರಲ್ಲಿ ಎಲ್ಲೋ 'ಢಂ' ಎಂದಿತು. ಯಂತ್ರ ನಿಂತಿತು. ನಮ್ಮ ಮನೆಯ ಕರೆಂಟು ಹೋಗಿತ್ತು. ಪಕ್ಕದ ಮನೆಯದೂ.

ಬೇಲಿಯಾಚೆಯಿಂದ ನೆರೆಯ ಸಂಜೀವಣ್ಣ ತಲೆ ಎತ್ತಿದರು. ನನಗೊಂದು ಡಾಕ್ಟರೇಟು ಇರುವುದರಿಂದ ಅವರು ನನ್ನನ್ನು ಕರೆಯುವುದೇ 'ಡಾಕ್ಟ್ರೇ' ಎಂದು. "ಎಂಥದು ಡಾಕ್ಟ್ರೇ, ಆಪರೇಷನ್ ಜೋರುಂಟು? ನನ್ನ ಮಿಕ್ಸಿಯಲ್ಲಿ ಚಟ್ನಿ ಅರ್ಧಕ್ಕೇ ನಿಂತಿತಲ್ಲ ಮಾರಾಯ್ರೇ!"

ಹಲ್ಲಿಲ್ಲದ ಬಾಯಿಯಲ್ಲಿ ವಿದ್ವತ್ಪೂರ್ಣವಾದ ಉತ್ತರ ಕೊಡುವುದು ಕಷ್ಟ. ಕೈಸನ್ನೆಯಿಂದ ಸಮಾಧಾನಪಡಿಸಿದೆ. ಸಂಜೆ ಕರೆಂಟು ಮರಳಿದ ಹೊತ್ತಿಗೆ ಮಿಜಾರಿನ ಕಾಲೇಜಿನಲ್ಲಿ ಪಾಠ ಮುಗಿಸಿ ಬಂದ ಅನುಪಮಾ ಅಂಗಳವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಕೇಳಿದಳು: "ಅಪ್ಪಾ, ಭಾನುವಾರ ಇಲ್ಲಿ ನಿಶ್ಚಿತಾರ್ಥ ಉಂಟಾ, ಉತ್ಖನನ ಉಂಟಾ? ಒಂದು ಹೇಳಿ, ಅವರಿಗೆ ಫೋನು ಮಾಡ್ತೇನೆ."

ಶನಿವಾರ ಬೆಳಿಗ್ಗೆ ಗತ್ಯಂತರವಿಲ್ಲದೆ ದೊಡ್ಡ ಯಂತ್ರವನ್ನು ಕರೆಸಿದೆ. ಟ್ರ್ಯಾಕ್ಟರಿನ ಬೆನ್ನಿಗೆ ಕಂಪ್ರೆಸರ್, ಅದಕ್ಕೆ ಆನೆಯ ಸೊಂಡಿಲಿನಷ್ಟು ದಪ್ಪದ ರಬ್ಬರು ಕೊಳವೆ, ಕೊಳವೆಯ ತುದಿಗೆ ಗಾಳಿಯ ಬಲದಿಂದ ಕುಟ್ಟುವ ಬ್ರೇಕರ್. ಅದು ಚಾಲೂ ಆದಾಗ ಹೊರಡುವ ಶಬ್ದಕ್ಕೆ ನಾಗರಿಕತೆಯ ಪರಿಭಾಷೆಯಲ್ಲಿ ಹೆಸರಿಲ್ಲ. ಮನುಷ್ಯ ಮೊದಲು ಸಿಮೆಂಟು ಕಂಡುಹಿಡಿದ, ಅದರಿಂದ ನೆಲವನ್ನೆಲ್ಲ ಮುಚ್ಚಿದ, ಮತ್ತೆ ಅದನ್ನು ಒಡೆಯಲು ಈ ಯಂತ್ರವನ್ನು ಕಂಡುಹಿಡಿದ. ಇದಕ್ಕೆ ಪ್ರಗತಿ ಎಂದು ಹೆಸರು!

ಯಂತ್ರದೊಂದಿಗೆ ಬಂದವನು ಹಮೀದ್. ಸುಮಾರು ನಲವತ್ತರ, ಮಿತಭಾಷಿ. ನನ್ನ ಸುಣ್ಣದ ಗೆರೆಯನ್ನು ನೋಡಿ, ಬಾವಿಯನ್ನು ನೋಡಿ, ಮನೆಯನ್ನು ನೋಡಿದ.

"ಸಾರ್, ಪೈಪು ಬಾವಿಯಿಂದ ಮನೆಗೆ ಹೋಗುವುದಲ್ವಾ? ಹಾಗಾದರೆ ಇದಕ್ಕೆ ಅಡ್ಡಲಾಗಿ ಒಂದು ಗೆರೆ ಒಡೆಯುವ. ಎಲ್ಲಿದ್ದರೂ ಸಿಕ್ಕಿಯೇ ಸಿಗ್ತದೆ."

"ಅಂದಾಜಿನ ಕೆಲಸ ನಮ್ಮಲ್ಲಿಲ್ಲ. ದಾಖಲೆ ಉಂಟು" ಎಂದು ಜಲ ಪುಸ್ತಕ ತೋರಿಸಿದೆ.

ಅವನು ಪುಸ್ತಕವನ್ನು ಗೌರವದಿಂದ ನೋಡಿದ. "ಒಡೆಯುವುದು ನಮ್ಮ ಕೆಲಸ ಸಾರ್. ಹುಡುಕುವುದು ನಿಮ್ಮದು" ಎಂದು ಕಿವಿಗೆ ಹತ್ತಿ ತುರುಕಿಕೊಂಡ.

ಹತ್ತು ಅಡಿ ಉದ್ದ, ಒಂದೂವರೆ ಅಡಿ ಅಗಲ ಒಡೆದ. ಪಿಕ್ಕಾಸಿನಿಂದ ಮಣ್ಣು ತೆಗೆದ. ಎರಡು ಅಡಿ ಆಳದವರೆಗೆ ಸಿಕ್ಕಿದ್ದು ಒಂದು ಮುರಿದ ಬಾಚಣಿಗೆ, ಒಂದು ಕಪ್ಪೆ. ಕಪ್ಪೆ ಜೀವಂತವಾಗಿತ್ತು, ನನ್ನನ್ನು ನೋಡಿ ಮತ್ತೆ ಒಳಗೆ ಹೋಯಿತು.

"ಇಲ್ಲಿ ಪೈಪು ಇಲ್ಲ ಸಾರ್."

"ಇರಲೇಬೇಕು."

"ಇರಬೇಕು ಅಂತ ನಮಗೂ ಆಸೆ ಉಂಟು."

ಜಗಲಿಯ ಕಂಬಕ್ಕೆ ಒರಗಿ ನಿಂತ ಗಿರಿಜೆ ಅಬ್ಬಲಿಗೆ ಕುಂಡದ ಕಡೆ ಒಮ್ಮೆ ಗದ್ದ ಎತ್ತಿ ತೋರಿಸಿ ಒಳಗೆ ಹೋದಳು. ನಲವತ್ತು ವರ್ಷದ ಸಂಸಾರದಲ್ಲಿ ಆ ಗದ್ದದಷ್ಟು ನನ್ನನ್ನು ಕೆರಳಿಸಿದ ವಸ್ತು ಇನ್ನೊಂದಿಲ್ಲ. ಎಲ್ಲ ಅಳತೆಗಳಲ್ಲೂ ಸ್ವಲ್ಪ ವ್ಯತ್ಯಾಸ ಸಹಜ ಎಂಬ ಶಾಸ್ತ್ರೀಯ ತತ್ತ್ವದ ಆಧಾರದ ಮೇಲೆ, ಗುಂಡಿಯನ್ನು ಇನ್ನೂ ಮೂರು ಅಡಿ ದಕ್ಷಿಣಕ್ಕೆ ವಿಸ್ತರಿಸಲು ಆಜ್ಞಾಪಿಸಿದೆ.

ಆಗ ಹಮೀದನ ಪಿಕ್ಕಾಸು 'ಟಣ್' ಎಂದಿತು.

ಕೆಂಪುಕಲ್ಲು! ಒಂದಲ್ಲ, ನಾಲ್ಕು ಕಡೆಯಿಂದ ಚೌಕಾಕಾರವಾಗಿ ಜೋಡಿಸಿದ ಕೆಂಪುಕಲ್ಲಿನ ತಳಪಾಯ! ನಡುವೆ ಕಪ್ಪು ಮಣ್ಣು. ಅದರಲ್ಲಿ ಮುರಿದ ಮಣ್ಣಿನ ಹಣತೆಯ ಎರಡು ತುಂಡು. ಚೌಕಾಕಾರದ ಪೀಠ, ನಿಖರವಾದ ದಿಕ್ಕು, ದೀಪಾರಾಧನೆಯ ಕುರುಹು. ಮೂವತ್ತು ವರ್ಷ ಊರೂರು ಅಲೆದು ಹುಡುಕಿದ್ದು ನನ್ನದೇ ಅಂಗಳದಲ್ಲಿ!

"ನಿಲ್ಲಿಸು! ಯಂತ್ರ ನಿಲ್ಲಿಸು! ಯಾರೂ ಏನನ್ನೂ ಮುಟ್ಟಬಾರದು!" ಎಂದು ಕೂಗಿದೆ.

"ಪೈಪು, ಸಾರ್?"

"ಪೈಪು ಕಾಯ್ತದೆ!"

ಇನ್ನು ಮುಂದಿನದು ನಾನು ಮಾಡಿದ ತಪ್ಪುಗಳಲ್ಲೆಲ್ಲ ಶಿಖರಪ್ರಾಯವಾದುದು. ನಾನು ಬೆಳ್ತಂಗಡಿಯ ಪದ್ಮರಾಜರಿಗೆ ಫೋನು ಮಾಡಿದೆ. ಪದ್ಮರಾಜರು ನನ್ನಂತೆಯೇ ನಿವೃತ್ತ ಸಂಶೋಧಕರು. ಹಳೆಯ ಜೈನ ಮನೆತನದವರು, ಮೃದು ಮಾತು. ಹಿಂದೊಮ್ಮೆ ಅವರು ಒಂದು ಗಡಿಕಲ್ಲಿನ ಆಧಾರದ ಮೇಲೆ ಹಳೆಯ ಸೀಮೆಯೊಂದರ ಎಲ್ಲೆಯನ್ನು ನಿರ್ಧರಿಸಿ ಲೇಖನ ಬರೆದಿದ್ದರು. ಆ ಕಲ್ಲನ್ನು ಯಾರೋ ಬೇರೆ ಕಡೆಯಿಂದ ತಂದು ನೆಟ್ಟಿದ್ದರು. ಅದನ್ನು ಪತ್ತೆಹಚ್ಚಿದವನು ನಾನು. "ಕಲ್ಲು ತನ್ನ ಮೂಲಸ್ಥಾನದಲ್ಲಿದೆಯೇ ಎಂಬ ಪ್ರಾಥಮಿಕ ಪ್ರಶ್ನೆಯನ್ನೂ ಕೇಳದವರು ಸಂಶೋಧನೆಗೆ ಬದಲಾಗಿ ಬೇರೆ ಕಸುಬು ಹಿಡಿಯುವುದು ಲೇಸು" ಎಂದು ತುಂಬಿದ ಸಭೆಯಲ್ಲಿ ಪ್ರಬಂಧ ಓದಿದ್ದೆ. ಜನ ನಕ್ಕಿದ್ದರು. ಪದ್ಮರಾಜರೂ ನಕ್ಕಿದ್ದರು, ಸ್ವಲ್ಪ. ಅಂದಿನಿಂದ ನಮ್ಮ ನಡುವೆ ದೀಪಾವಳಿಯ ಶುಭಾಶಯದ ಹೊರತು ಮಾತಿರಲಿಲ್ಲ.

ಆ ಮನುಷ್ಯನಿಗೆ ನನ್ನ ಅಂಗಳದ ಪೀಠವನ್ನು ತೋರಿಸುವ ಅವಕಾಶ! ಬಿಡಲಾದೀತೇ?

ಮಧ್ಯಾಹ್ನ ಮೂರರ ಹೊತ್ತಿಗೆ ಅವರು ಬಸ್ಸಿಳಿದು ಬಂದರು. "ನನಗೆ ಹೊತ್ತು ಮುಳುಗುವ ಮೊದಲು ಮನೆ ಸೇರಿ ಊಟ ಆಗಬೇಕು. ಬೇಗ ತೋರಿಸಿ ಆಯ್ತಾ?" ಎಂದು ಪಂಚೆ ಎತ್ತಿಕಟ್ಟಿ ಗುಂಡಿಗೆ ಇಳಿದರು. ಕಲ್ಲು ಮುಟ್ಟಿದರು. ಹಣತೆಯ ತುಂಡು ಮೂಸಿದರು. ನಾನು ದಡದಲ್ಲಿ ನಿಂತು ಪೀಠದ ಕಾಲ, ಅದರ ಮಹತ್ವ, ಮುಂದೆ ಬರೆಯಬಹುದಾದ ಗ್ರಂಥ ಇವುಗಳ ಬಗ್ಗೆ ವಿವರಿಸುತ್ತಿದ್ದೆ. ಹಮೀದ್ ಟ್ರ್ಯಾಕ್ಟರಿನ ನೆರಳಿನಲ್ಲಿ ಕೂತು ಬೀಡಾ ಜಗಿಯುತ್ತಿದ್ದ.

ಕಾಫಿ ತಂದ ಗಿರಿಜೆ ಗುಂಡಿಯೊಳಗೆ ಇಣುಕಿದಳು. "ಅಯ್ಯೋ, ಇದು ನಮ್ಮ ಹಳೇ ತುಳಸಿಕಟ್ಟೆಯ ಅಡಿಪಾಯ ಅಲ್ವಾ!"



"ಎಂಥ ಹಳೇ ಕಟ್ಟೆ?" ಎಂದೆ.

"ಎಂಥ ಎಂದರೆ? ಕಾಂಕ್ರೀಟು ಹಾಕುವಾಗ ಕಾರು ತಿರುಗಿಸ್ಲಿಕ್ಕೆ ಅಡ್ಡ ಆಗ್ತದೆ ಅಂತ ನೀವೇ ಕಟ್ಟೆಯನ್ನು ಹತ್ತು ಅಡಿ ಆಚೆ ಕಟ್ಟಿಸಿದ್ದಲ್ವಾ? ಭಟ್ರನ್ನು ಕರೆಸಿ, ಮುಹೂರ್ತ ನೋಡಿ, ಹಳೇ ಗಿಡವನ್ನು ನೀವೇ ಎತ್ತಿ ಆಚೆ ಇಟ್ಟದ್ದು. ಆ ಹಣತೆ ನಾನು ಕಾಲು ತಾಗಿಸಿ ಒಡೆದದ್ದು. ಬೈದದ್ದು ಕೂಡ ನೆನಪಿಲ್ವಾ?"

ಒಳಗೆ ಓಡಿ ಪುಸ್ತಕ ತೆಗೆದೆ. ಜಲ ಪುಸ್ತಕವಲ್ಲ, ಧಾರ್ಮಿಕ ಪುಸ್ತಕ. ಅಲ್ಲಿತ್ತು. ನನ್ನದೇ ಅಕ್ಷರ: "ತುಳಸಿಕಟ್ಟೆಯನ್ನು ಉತ್ತರಕ್ಕೆ ಹತ್ತು ಅಡಿ ಸ್ಥಳಾಂತರಿಸಿ ಪುನಃಪ್ರತಿಷ್ಠೆ." ತೇದಿ, ವಾರ, ತಿಥಿ. ಮೂರೂ ತಾಳೆಯಾಗುತ್ತಿದ್ದವು! ಪೈಪು ನಕ್ಷೆಯ ತೇದಿಗಿಂತ ಸರಿಯಾಗಿ ಹನ್ನೊಂದು ದಿನ ಬಳಿಕದ್ದು. ಎರಡು ಪುಸ್ತಕಗಳು ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ನಿಂತಿದ್ದವು. ನನ್ನ ಕಟ್ಟುನಿಟ್ಟಿನ ನಿಯಮದ ಪ್ರಕಾರ ಒಂದಕ್ಕೊಂದು ಮಾತಾಡಿರಲಿಲ್ಲ.

ಪುಸ್ತಕ ಹಿಡಿದು ಹೊರಗೆ ಬಂದೆ. ಪದ್ಮರಾಜರು ಗುಂಡಿಯಿಂದ ಮೇಲೆ ಬಂದು, ಕೈಯ ಮಣ್ಣು ಒರೆಸಿಕೊಳ್ಳುತ್ತ, ಅತ್ಯಂತ ವಿನಯದಿಂದ ಕೇಳಿದರು: "ತುಳಸಿಕಟ್ಟೆ ತನ್ನ ಮೂಲಸ್ಥಾನದಲ್ಲಿ ಉಂಟೇ ಅಂತ ಒಮ್ಮೆ ನೋಡಿದ್ದಿರಾ?"

ಎಷ್ಟು ವರ್ಷ ಕಾದಿದ್ದರೋ! ಕಲ್ಲಿನ ಜಾಗದಲ್ಲಿ ತುಳಸಿಕಟ್ಟೆ ಬಂದದ್ದು ಬಿಟ್ಟರೆ ಎಲ್ಲ ನನ್ನದೇ ಮಾತು.

ಇಂಥ ಸಂದರ್ಭದಲ್ಲಿ ಭೂಮಿ ಬಾಯಿಬಿಡಬಾರದೇ ಎಂದು ಜನ ಹಂಬಲಿಸುತ್ತಾರೆ. ನನ್ನ ಅಂಗಳ ಆಗಲೇ ಬಾಯಿಬಿಟ್ಟಿತ್ತು. ಇಳಿಯಲು ಧೈರ್ಯವಿರಲಿಲ್ಲ, ಕಪ್ಪೆ ಇನ್ನೂ ಅಲ್ಲೇ ಇತ್ತು.

"ಈಗ ಎಲ್ಲಿ ಒಡೀಬೇಕು ಸಾರ್?" ಎಂದ ಹಮೀದ್. ಕೇಳಿದ್ದು ನನ್ನನ್ನು, ನೋಡಿದ್ದು ಗಿರಿಜೆಯನ್ನು.

"ಕುಂಡ ಸರಿಸು" ಎಂದಳು ಗಿರಿಜೆ.

ಟೇಪು ಹಿಡಿದು ಹಳೆಯ ಅಡಿಪಾಯದ ಮಧ್ಯದಿಂದ ಅಳೆದೆ. ಏಳು ಅಡಿಗೆ ಟೇಪಿನ ತುದಿ ಅಬ್ಬಲಿಗೆ ಕುಂಡಕ್ಕೆ ತಾಗಿತು. ಹಮೀದ್ ಕುಂಡವನ್ನು ಪಕ್ಕಕ್ಕೆ ಉರುಳಿಸಿ ಬ್ರೇಕರ್ ಎತ್ತಿದವನು ಹಾಗೆಯೇ ನಿಂತ.

"ಸಾರ್, ಇಲ್ಲಿ ಎಂಥದೋ ಬರೆದುಂಟು."

ಬರಹವೆಂದರೆ ನನ್ನ ಕಾಲು ತಾನಾಗಿ ಓಡುತ್ತದೆ. ಪದ್ಮರಾಜರದೂ ಓಡಿತು. ಇಬ್ಬರೂ ಮಂಡಿಯೂರಿ ಕೂತೆವು. ಸಿಮೆಂಟು ಹಸಿಯಿದ್ದಾಗ ಗುಡಿಸುವ ಹಿಡಿಸೂಡಿಯ ಕಡ್ಡಿಯಿಂದ ಕೊರೆದ ಗೇಣುದ್ದದ ಒಂದು ಬಾಣ, ಬಾವಿಯಿಂದ ಮನೆಯ ಕಡೆಗೆ. ಅದರ ಕೆಳಗೆ ಎರಡು ಸಾಲು. ಕೆಸರು ಒರೆಸಿ ಪದ್ಮರಾಜರು ಗಟ್ಟಿಯಾಗಿ ಓದಿದರು:

"ಪೈಪು ಇಲ್ಲಿ. ಗಿರಿಜ."

ಈಗ ನೆನಪಾಯಿತು. ಕಾಂಕ್ರೀಟು ಹಾಕಿದ ಸಂಜೆ ಅವಳು ಇದನ್ನು ಗೀಚಿದ್ದಳು. ಕನ್ನಡಿಯಂಥ ನೆಲವನ್ನು ಕೆಡಿಸಿದಳೆಂದು ನಾನು ಹಾರಾಡಿದ್ದೆ. ಕಣ್ಣಿಗೆ ಬೀಳದಿರಲಿ ಎಂದು ಮರುದಿನವೇ ಅದರ ಮೇಲೆ ಅಬ್ಬಲಿಗೆ ಕುಂಡ ಇಡಿಸಿದವನು ನಾನೇ. ಮಳೆಗೆ ಅಳಿಸಿದ, ಪಾಚಿ ತಿಂದ, ದನ ಮೈ ತಿಕ್ಕಿದ ಕಲ್ಲುಗಳಿಂದ ಅಕ್ಷರ ಹೆಕ್ಕಿದ ಮಹಾಶಯ, ತನ್ನ ಮನೆಯ ಏಕೈಕ ಶಾಸನದ ಮೇಲೆ ಹೂವಿನ ಕುಂಡ ಇಟ್ಟು ಬದುಕಿದ್ದ!

ವಿದ್ವಾಂಸ ಸೋತರೂ ಒಂದು ಆಕ್ಷೇಪವನ್ನಾದರೂ ದಾಖಲಿಸದೆ ಬಿಡುವುದಿಲ್ಲ. "ಇದಕ್ಕೆ ತೇದಿ ಇಲ್ಲ" ಎಂದೆ.

"ತೇದಿ ಇಲ್ಲದಿದ್ದರೂ" ಎಂದರು ಪದ್ಮರಾಜರು, ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೊರಡುತ್ತ, "ಮೂಲಸ್ಥಾನದಲ್ಲಿ ಉಂಟಲ್ಲ."

ಅಷ್ಟು ಒಡೆಯಲು ಹಮೀದನಿಗೆ ಇಪ್ಪತ್ತು ನಿಮಿಷ ಸಾಕಾಯಿತು. ಪೈಪು ಬಾಣದ ಸರಿ ಅಡಿಯಲ್ಲಿತ್ತು. ಪಂಪು ಹಾಕಿ ನೋಡಿದರೆ ಜೋಡಣೆ ಬಿಟ್ಟಲ್ಲಿ ನೀರು ಚಿಮ್ಮಿತು. ಪ್ಲಂಬರು ಬಂದು ಹೊಸ ಜೋಡಣೆ ಹಾಕಿದ. ಸಂಜೆ ಆರೂಕಾಲಿಗೆ ಟ್ಯಾಂಕಿಗೆ ನೀರು ಬಿತ್ತು. ಆರೂವರೆ ಎಂದಳು ಗಿರಿಜೆ. ನಾನು ಒಪ್ಪಿಕೊಂಡೆ.

ಭಾನುವಾರ ನಿಶ್ಚಿತಾರ್ಥ ಸಾಂಗವಾಗಿ ನಡೆಯಿತು. ಗುಂಡಿಗಳ ಮೇಲೆ ಹಲಗೆ ಹಾಸಿ, ಹಲಗೆಯ ಮೇಲೆ ಚಾಪೆ ಹಾಸಿ, ಆಚೀಚೆ ಸೇವಂತಿಗೆ ಮಾಲೆ ಕಟ್ಟಿದ್ದೆವು. ಪೈಪು ಎಡವಿ ಯಾವ ಬೀಗರೂ ಬೀಳಲಿಲ್ಲ. ಹಲಗೆ ಜಾರಿ ಬಿದ್ದವನು ನಾನೊಬ್ಬನೇ. ಅದೂ ಹೂವಿನ ಹರಿವಾಣ ಸಮೇತ, ಸರಿಯಾಗಿ ಹಳೆಯ ತುಳಸಿಕಟ್ಟೆಯ ಅಡಿಪಾಯದ ಮೇಲೆ. ಭಾವೀ ಅಳಿಯ ಕೈಕೊಟ್ಟು ಎತ್ತಿದ. ಒಳ್ಳೆಯ ಹುಡುಗ, ಏನೂ ಪ್ರಶ್ನೆ ಕೇಳಲಿಲ್ಲ. ಅನುಪಮಾ ಮೊದಲೇ ಎಲ್ಲ ಹೇಳಿದ್ದಳಂತೆ.

ಬಾಣವಿದ್ದ ಕಾಂಕ್ರೀಟಿನ ಚಪ್ಪಡಿ ಒಡೆಯದಂತೆ ಸುತ್ತಲೂ ಕೊರೆದು ಎತ್ತಿಕೊಡಲು ಹಮೀದನನ್ನು ನಾನು ಬೇಡಿಕೊಂಡಿದ್ದೆ. ಅವನು ಹಾಗೆಯೇ ಮಾಡಿಕೊಟ್ಟ. ಅದನ್ನು ತೊಳೆದು, ಅಕ್ಷರಗಳ ಪಡಿಯಚ್ಚು ತೆಗೆದು, ಹೊಸ ತುಳಸಿಕಟ್ಟೆಗೆ ಒರಗಿಸಿ ನಿಲ್ಲಿಸಿದ್ದೇನೆ. ಬಂದವರೆಲ್ಲ ನೋಡುತ್ತಾರೆ.

ಮೊನ್ನೆ ಗಿರಿಜೆ ಅಂಗಳ ಗುಡಿಸುತ್ತಿದ್ದವಳು ಹಿಡಿಸೂಡಿ ನಿಲ್ಲಿಸಿ ಕೇಳಿದಳು: "ಬಾಣ ಈಗ ಎತ್ತ ಹೋಗಿದೆ ನೋಡಿದ್ರಾ?"

ನೋಡಿದೆ. "ಪೈಪು ಇಲ್ಲಿ" ಎಂಬ ಬಾಣ ನೇರವಾಗಿ ಜಗಲಿಯ ಕಡೆಗೆ, ನಾನು ದಿನವೂ ಕುಳಿತು ಓದುವ ಕುರ್ಚಿಯ ಕಡೆಗೆ ತಿರುಗಿತ್ತು.

ಮುಂದೊಂದು ಕಾಲದಲ್ಲಿ ಯಾವನಾದರೂ ಸಂಶೋಧಕ ಈ ಶಾಸನವನ್ನು ನಂಬಿ, ಕಂಪ್ರೆಸರ್ ತರಿಸಿ, ನಮ್ಮ ಜಗಲಿಯನ್ನು ಒಡೆದಾನು. ನನ್ನಂಥವನಾದರೆ ಖಂಡಿತ ಒಡೆಯುತ್ತಾನೆ.